ಮೊದಲ ಬ್ರೇಕಿನ ಮುದ್ದೆ

ರಾಧಾಮಣಿ ಆ ಸೀರಿಯಲ್ಲನ್ನು ಒಂದು ದಿನವೂ ಕೂತು ನೋಡಿದವಳಲ್ಲ. ಆದರೂ ಅದರ ಕಥೆಯೆಲ್ಲ ಅವಳಿಗೆ ಗೊತ್ತಿತ್ತು. ಸಂಜೆ ಏಳೂವರೆಗೆ ನಡುಮನೆಯಲ್ಲಿ ಅದರ ಸಂಗೀತ ಶುರುವಾಗುವಾಗ ಅವಳು ಅಡಿಗೆಮನೆಯಲ್ಲಿ ಎಸರು ಕುದಿಯುವುದನ್ನು ಕಾಯುತ್ತಿರುತ್ತಿದ್ದಳು. ಬಾಗಿಲು ಕಿರುಗುಟ್ಟಿದರೆ ಕೊಲೆಗಾರ ಬಂದ. ಗಡಿಯಾರ ಟಿಕ್ ಟಿಕ್ ಎಂದರೆ ಲೇಡಿ ಇನ್ಸ್‌ಪೆಕ್ಟರ್ ಏನೋ ಯೋಚಿಸುತ್ತಿದ್ದಾಳೆ. ಪಿಟೀಲು ಎಳೆದರೆ ಸೊಸೆ ಒಬ್ಬಳೇ ಇದ್ದಾಳೆ. ಒಂದು ದೊಡ್ಡ ಬಂಗಲೆ, ಹೊಸದಾಗಿ ಬಂದ ಸೊಸೆ, ಆ ಮನೆಯವರಲ್ಲೇ ಒಬ್ಬ ಕೊಲೆಗಾರ. ಅವನು ಯಾರೆಂದು ತಿಳಿಯದೆ ಯಲಹಂಕದ ಪಕ್ಕದ ಇಡೀ ಅಟ್ಟೂರು ತಿಂಗಳುಗಟ್ಟಲೆ ಟಿವಿಯ ಮುಂದೆ ಕೂತಿತ್ತು.

ಈ ಸೀರಿಯಲ್ಲಿನಿಂದ ಮನೆಯಲ್ಲಿ ಒಂದು ಪದ್ಧತಿ ಬೆಳೆದಿತ್ತು. ಮೊದಲ ಬ್ರೇಕ್ ಬಂದಾಗ ಊಟದ ತಟ್ಟೆಗಳು ನಡುಮನೆಗೆ ಬರಬೇಕು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಜಾಹೀರಾತು ಶುರುವಾಗುತ್ತಿದ್ದಂತೆ ಅತ್ತೆ ಸುಬ್ಬಮ್ಮ ಸೋಫಾದ ಮೇಲೆ ಮಡಚಿಟ್ಟ ಕಾಲನ್ನು ಇಳಿಬಿಡುತ್ತಿದ್ದರು, ಗಂಡ ಅನಂತರಾಜು ಟೀಪಾಯಿಯ ಮೇಲಿನ ಪೇಪರು ಸರಿಸುತ್ತಿದ್ದ, ಕಾಲೇಜಿಗೆ ಹೋಗುವ ಮಗಳು ನಯನಾ ಫೋನಿನಿಂದ ಕಣ್ಣೆತ್ತದೆ ಕೈ ಚಾಚುತ್ತಿದ್ದಳು. ಮುದ್ದೆ ಬಿಸಿಯಾಗಿರಬೇಕು, ಸಾರು ಅದಕ್ಕಿಂತ ಬಿಸಿಯಾಗಿರಬೇಕು, ಬ್ರೇಕ್ ಮುಗಿಯುವುದರೊಳಗೆ ನೀರು, ಉಪ್ಪು, ಈರುಳ್ಳಿ ಎಲ್ಲ ಬಂದಿರಬೇಕು. ಆಮೇಲೆ ಅವಳು ಅಡ್ಡ ಬಂದರೆ ಸುಬ್ಬಮ್ಮ, "ಅತ್ಲಾಗೆ ಸರ್ಕೊಳ್ಳೇ, ಕಾಣಾಕಿಲ್ಲ" ಎನ್ನುತ್ತಿದ್ದರು. ರಾಧಾಮಣಿ ತನ್ನ ತಟ್ಟೆಯನ್ನು ಅಡಿಗೆಕಟ್ಟೆಯ ಮೇಲಿಟ್ಟುಕೊಂಡು ನಿಂತೇ ಉಣ್ಣುತ್ತಿದ್ದಳು.

ಬಾಗಲೂರಿನಿಂದ ಅವಳು ಸೊಸೆಯಾಗಿ ಈ ಮನೆಗೆ ಬಂದಾಗ ಈಗ ಮೂರನೇ ಕ್ರಾಸ್ ಇರುವ ಕಡೆ ದ್ರಾಕ್ಷಿ ಚಪ್ಪರವಿತ್ತು. ಮಾವ ದೊಡ್ಡಮುನಿಯಪ್ಪನವರು ಬಳ್ಳಿಗೆ ಔಷಧಿ ಹೊಡೆಸುವ ದಿನ ಆಳುಗಳಿಗೆಲ್ಲ ಮುದ್ದೆ ತಿರುವುತ್ತಿದ್ದವಳು ಅವಳೇ. ತೋಟ ಸೈಟುಗಳಾಯಿತು. ಕೊಟ್ಟಿಗೆಯಿದ್ದ ಜಾಗದಲ್ಲಿ ಮೂರಂತಸ್ತಿನ ಮನೆ ಎದ್ದಿತು. ಅನಂತರಾಜು ಬೆಳಗ್ಗೆ ಸ್ನಾನ ಮಾಡಿ ಬಿಳಿ ಷರಟು ತೊಟ್ಟು ಗಿರಾಕಿಗಳಿಗೆ ಸೈಟು ತೋರಿಸಲು ಹೊರಡುವವನಾದ. ಬಾಡಿಗೆ ಮನೆಗಳ ಕೆಲಸ ಯಾರೂ ಹಂಚದೆಯೇ ಅವಳ ಪಾಲಿಗೆ ಬಂತು. ಸಂಪಿನ ಮೋಟರ್ ಹಾಕುವುದು, ಟ್ಯಾಂಕ್ ತುಂಬಿ ಚೆಲ್ಲುವುದರೊಳಗೆ ನಿಲ್ಲಿಸುವುದು, ಮೆಟ್ಟಿಲು ಗುಡಿಸುವುದು, ಬಾಡಿಗೆಯವರು ಒಣ ಕಸದಲ್ಲಿ ಸುರಿದ ಹಸಿ ಕಸವನ್ನು ಬೇರೆ ಮಾಡುವುದು, ಮನೆಯಲ್ಲಿಲ್ಲದವರ ಪಾರ್ಸೆಲ್ ಇಸಿದುಕೊಳ್ಳುವುದು. ಬಾಡಿಗೆಯವರು ಅವಳನ್ನು ಓನರ್ ಆಂಟಿ ಎನ್ನುತ್ತಿದ್ದರು. ಮನೆ ಅತ್ತೆಯ ಹೆಸರಿನಲ್ಲಿತ್ತು. ನಯನಾ ಒಮ್ಮೆ, "ನೀನು ಓನರ್ ಅಲ್ಲ ಮಮ್ಮಿ, ವಾಚ್‌ಮನ್ನು" ಎಂದಾಗ ರಾಧಾಮಣಿಯೂ ಎಲ್ಲರ ಜೊತೆ ನಕ್ಕಿದ್ದಳು. ವಾಚ್‌ಮನ್ನಿಗೆ ವಾರಕ್ಕೊಂದು ರಜೆಯಿರುತ್ತದೆ ಎಂಬುದು ನಗು ನಿಂತ ಮೇಲೆ ಹೊಳೆದಿತ್ತು.

ಮೊದಲ ಮಹಡಿಗೆ ಮುನೇಶ್ ಮತ್ತು ವನಿತಾ ಬಂದದ್ದು ಯುಗಾದಿ ಕಳೆದ ಮೇಲೆ. ಮುನೇಶ್ ಏರ್‌ಪೋರ್ಟ್ ಕಡೆಯ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಅಷ್ಟು ಮೆತ್ತಗೆ ಮಾತಾಡುವ ಬಾಡಿಗೆದಾರ ಈ ಮನೆಗೆ ಹಿಂದೆಂದೂ ಬಂದಿರಲಿಲ್ಲ. ರಾಧಾಮಣಿ ಗ್ಯಾಸ್ ಸಿಲಿಂಡರ್ ಉರುಳಿಸುವುದನ್ನು ಕಂಡರೆ "ಬಿಡಿ ಅಕ್ಕ" ಎಂದು ತಾನೇ ಹೊತ್ತು ತರುವನು. ಸುಬ್ಬಮ್ಮನಿಗೆ ಎಳೇ ವೀಳ್ಯದೆಲೆ ತಂದುಕೊಡುವನು. ಇಂಥವನು ನಯನಾಗೆ ಸಿಗಲಿ ಎಂದು ಸುಬ್ಬಮ್ಮ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದರು. ವನಿತಾಳ ತವರು ಹುಣಸಮಾರನಹಳ್ಳಿ, ಬಸ್ಸು ಹತ್ತಿದರೆ ಮಹಾ ಎಷ್ಟು ಹೊತ್ತಿನ ದಾರಿ? ಆದರೂ ಗೌರಿ ಹಬ್ಬಕ್ಕೂ ಅವಳು ಹೋಗಿರಲಿಲ್ಲ. ಯಾಕಮ್ಮ ಎಂದು ಕೇಳಿದರೆ ಇವರಿಗೆ ರಜಾ ಸಿಗಬೇಕಲ್ಲ ಎಂದು ನಕ್ಕಳು.

ಮೇಲಿನ ಮನೆಯವರೂ ಅದೇ ಸೀರಿಯಲ್ ಹಾಕುತ್ತಿದ್ದರು. ರಾಧಾಮಣಿ ಪಾತ್ರೆ ತೊಳೆಯುವ ಜಾಗದ ಪಕ್ಕದಲ್ಲಿ ಪೈಪುಗಳು ಇಳಿಯುವ ಒಂದು ಡಕ್ಟ್ ಇತ್ತು. ಮೇಲಿನ ಸದ್ದೆಲ್ಲ ಅದರೊಳಗಿಂದ ಇಳಿದು ಅವಳ ಕಿವಿಗೆ ಬೀಳುತ್ತಿತ್ತು. ಕೆಳಗಿನದು ಕೇಬಲ್ ಟಿವಿ, ಮೇಲಿನದು ಇಂಟರ್ನೆಟ್ಟಿನದು. ಹಾಗಾಗಿ ಮೇಲಿನ ಟಿವಿ ಯಾವಾಗಲೂ ಸಾಸಿವೆ ಸಿಡಿಯುವಷ್ಟು ಹೊತ್ತು ಹಿಂದಿರುತ್ತಿತ್ತು. ನಡುಮನೆಯಲ್ಲಿ ಸೊಸೆ ಒಮ್ಮೆ ಕಿರುಚಿದರೆ, ಡಕ್ಟಿನೊಳಗಿಂದ ಅದೇ ಸೊಸೆ ಇನ್ನೊಮ್ಮೆ ಕಿರುಚುವಳು. ರಾಧಾಮಣಿಗೆ ಅದು ರೂಢಿಯಾಗಿಹೋಗಿತ್ತು. ಒಂದೊಂದು ದಿನ ಮೇಲಿನ ಕಿರುಚಾಟ ಹೆಚ್ಚಿದ್ದರೂ, ಶಬ್ದ ಜಾಸ್ತಿ ಇಟ್ಟಿದ್ದಾರೆ ಎಂದುಕೊಂಡು ಸಾರಿನ ಕಡೆ ತಿರುಗುತ್ತಿದ್ದಳು.

ಒಂದು ಸಂಜೆ ನಡುಮನೆಯಲ್ಲಿ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಮಾತಿಲ್ಲ, ಪಿಟೀಲಿಲ್ಲ. ಆಗ ಹೆಂಗಸೊಬ್ಬಳು ಕಿರುಚಿದಳು. "ಅಯ್ಯೋ, ಯಾರೇ ಅದು ಕಿರ್‍ಚಿದ್ದು?" ಎಂದು ಸುಬ್ಬಮ್ಮ ಕೇಳಿದರು. ಅದು ಮ್ಯೂಸಿಕ್ಕು ಅಜ್ಜಿ, ಹೆದರಿಸೋಕೆ ಹಾಕ್ತಾರೆ ಎಂದಳು ನಯನಾ. ಅನಂತರಾಜು, ಬಂಗಲೆಯ ಹಿತ್ತಿಲಲ್ಲಿ ಇನ್ನೊಂದು ಹೆಣ ಬಿತ್ತು ನೋಡು ಎಂದ. ಮೂವರೂ ಟಿವಿಯನ್ನೇ ನೋಡುತ್ತಿದ್ದರು. ಅಡಿಗೆಮನೆಯಲ್ಲಿ ರಾಧಾಮಣಿ ಸೌಟು ಹಿಡಿದು ಕಾದಳು. ಇನ್ನೊಂದು ಕಿರುಚು ಬರಲಿಲ್ಲ. ಡಕ್ಟಿನೊಳಗಿಂದ ಗಡಿಯಾರದ ಟಿಕ್ ಟಿಕ್ ಮಾತ್ರ ಇಳಿದು ಬಂತು. ಟಿವಿಯಲ್ಲಿ ಕಿರುಚದ ಹೆಂಗಸು ಮೇಲಿನ ಮನೆಯಲ್ಲಿ ಕಿರುಚಿದ್ದಳು.

ಮಲಗುವಾಗ ಗಂಡನಿಗೆ ಹೇಳಿದಳು. ಅನಂತರಾಜು ಮೊದಲು ನಕ್ಕ. ಸೀರಿಯಲ್ ನೋಡಿ ನೋಡಿ ನಿಂಗೂ ತಲೆ ಕೆಟ್ಟಿದೆ ಎಂದ. ತಾನು ನೋಡುವುದೇ ಇಲ್ಲವಲ್ಲ ಎಂದು ಅವಳು ಹೇಳಿದ್ದು ಅವನಿಗೆ ಕೇಳಿಸಲಿಲ್ಲ. ಗಂಡ ಹೆಂಡತಿ ಅಂದಮೇಲೆ ಒಂದು ಮಾತು ಬರುತ್ತೆ ಹೋಗುತ್ತೆ, ಮುನೇಶನಂಥ ಹುಡುಗನ ಮೇಲೆ ಸಲ್ಲದ್ದು ಹೊರಿಸಬೇಡ, ನಾಳೆ ಅವನ ಮುಖ ಹೇಗೆ ನೋಡ್ತೀಯ ಎಂದು ಮಗ್ಗುಲಾದ.

ಮರುದಿನ ಟ್ಯಾಂಕ್ ನೋಡಲು ತಾರಸಿಗೆ ಹೋದಾಗ ವನಿತಾ ಬಟ್ಟೆ ಹರವುತ್ತಿದ್ದಳು. ತಂತಿಯ ಮೇಲಿನ ಬೆಡ್‌ಶೀಟಿನಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು. ಬಟ್ಟೆ ಹಿಂಡಲು ಎರಡು ಮಣಿಕಟ್ಟೂ ಬೇಕು. ವನಿತಾ ಎಡಗೈಯನ್ನು ಎದೆಗೊತ್ತಿಕೊಂಡು, ಕ್ಲಿಪ್ಪನ್ನು ಹಲ್ಲಲ್ಲಿ ಕಚ್ಚಿ, ಬಲಗೈಯಿಂದಲೇ ಎಲ್ಲ ಮಾಡುತ್ತಿದ್ದಳು. ರಾಧಾಮಣಿ ಏನೂ ಕೇಳದೆ ಬೆಡ್‌ಶೀಟಿನ ಒಂದು ತುದಿ ಹಿಡಿದು ಹಿಂಡಿದಳು. ವನಿತಾಳೇ ನೆಲ ನೋಡಿಕೊಂಡು ಹೇಳಿದಳು. "ಸೀರಿಯಲ್ ಸೌಂಡ್ ಜಾಸ್ತಿ ಆಗ್ತಿದೆಯಾ ಅಕ್ಕ? ಇವ್ರಿಗೆ ಹೇಳ್ತೀನಿ, ಕಮ್ಮಿ ಮಾಡಿ ಅಂತ."

ಅಂದಿನಿಂದ ಏಳೂವರೆ ಆದೊಡನೆ ರಾಧಾಮಣಿ ಡಕ್ಟಿನ ಕಡೆ ಕಿವಿ ಕೊಟ್ಟು ನಿಲ್ಲತೊಡಗಿದಳು. ಪ್ರತಿ ಕಿರುಚಿಗೂ ಅದರ ಜೊತೆಯದನ್ನು ಹುಡುಕುವಳು. ಜೊತೆ ಸಿಕ್ಕರೆ ಉಸಿರು ಬಿಡುವಳು. ಸಿಗದ ದಿನ ತಿರುವುವುದನ್ನು ಮರೆತು ಮುದ್ದೆ ಗಂಟಾಗುತ್ತಿತ್ತು. ಮೇಲೆ ಹೋಗಿ ಬಾಗಿಲು ತಟ್ಟಬೇಕು ಎಂದುಕೊಳ್ಳುವಳು. ತಟ್ಟಿ ಏನು ಹೇಳುವುದು? ಅವನು ನಗುತ್ತಾ ಏನಕ್ಕ ಎಂದರೆ? ತಾನು ಬೆಳಕು ಹರಿಯುವ ಮುಂಚೆ ಒಬ್ಬಳೇ ಹತ್ತುವ ಮೆಟ್ಟಿಲು, ನಯನಾ ಒಬ್ಬಳೇ ತಾರಸಿಗೆ ಹೋಗಿ ಬರುವ ಮೆಟ್ಟಿಲು, ಅವನು ಓಡಾಡುವ ಮೆಟ್ಟಿಲು ಒಂದೇ ಆಗಿತ್ತು.

ಕೊಲೆಗಾರನನ್ನು ಶುಕ್ರವಾರ ತೋರಿಸುತ್ತೇವೆಂದು ಚಾನೆಲ್ಲಿನವರು ವಾರದಿಂದ ಸಾರಿದ್ದರು. ಆ ದಿನ ಏಳಕ್ಕೇ ಮೂವರೂ ತಮ್ಮ ತಮ್ಮ ಜಾಗ ಹಿಡಿದಿದ್ದರು. ಪಿಟೀಲು ಎಳೆಯಿತು. ಬಂಗಲೆಯ ಸೊಸೆ ನೆಲಮಾಳಿಗೆಗೆ ಇಳಿಯುತ್ತಿದ್ದಳು.

"ಓಗ್ಬ್ಯಾಡ ಕಣೇ ತಾಯಿ, ಒಬ್ಳೇ ಓಗ್ಬ್ಯಾಡ" ಎಂದು ಸುಬ್ಬಮ್ಮ ಟಿವಿಗೆ ಕೈ ಅಡ್ಡ ಹಿಡಿದರು.

"ನಂಗೆ ಆ ಅಡಿಗೆಯವನ ಮೇಲೇ ಡೌಟು" ಎಂದ ಅನಂತರಾಜು.

"ಗಂಡನೇ ಪಪ್ಪ. ಯಾವಾಗ್ಲೂ ಗಂಡನೇ ಆಗಿರ್ತಾನೆ" ಎಂದಳು ನಯನಾ.

ಒಳಗೆ ರಾಧಾಮಣಿ ಹಿಟ್ಟು ಸುರಿದು ಮುದ್ದೆಕೋಲು ಹಿಡಿದಿದ್ದಳು. ಮೇಲೆ ಏನೋ ಬಿತ್ತು. ಪಾತ್ರೆ ಬಿದ್ದರೆ ಉರುಳುತ್ತದೆ. ಇದು ಬಿದ್ದು, ಬಿದ್ದಲ್ಲೇ ಉಳಿಯಿತು. ಹಿಂದೆಯೇ ಒಂದು ಕೂಗು ಎದ್ದು ಅರ್ಧಕ್ಕೇ ನಿಂತಿತು, ಬಾಯಿಯ ಮೇಲೆ ಏನನ್ನೋ ಒತ್ತಿದ ಹಾಗೆ. ಆಮೇಲೆ ಮೇಲಿನ ಟಿವಿಯ ಶಬ್ದ ಏರಿತು.

ರಾಧಾಮಣಿ ಒಲೆ ಆರಿಸಿದಳು. ಮುದ್ದೆಯನ್ನು ಅರ್ಧಕ್ಕೆ ಬಿಟ್ಟು ಹೊರಟದ್ದು ಅವಳ ಬದುಕಿನಲ್ಲಿ ಅದೇ ಮೊದಲು. ಕೈಗೆ ಸಿಕ್ಕ ಒಂದು ಬಟ್ಟಲು ಹಿಡಿದು ನಡುಮನೆ ದಾಟಿದಳು. ಮೋಟರ್ ನಿಲ್ಲಿಸಲು ಹೊರಟಳೆಂದುಕೊಂಡು ಅನಂತರಾಜು, "ಬೇಗ ಬಾ, ಬ್ರೇಕ್ ಬರುತ್ತೆ" ಎಂದ.

ಮೆಟ್ಟಿಲಿನ ಮೇಲೆ ಟಿವಿಯ ಅಬ್ಬರ ಎರಡೂ ಕಡೆಯಿಂದ ಕೇಳುತ್ತಿತ್ತು. ಬಾಗಿಲು ತಟ್ಟಿದಳು. ಮತ್ತೆ ತಟ್ಟಿದಳು. ಗೇಣು ತೆರೆದ ಬಾಗಿಲಲ್ಲಿ ಮುನೇಶ್ ನಿಂತಿದ್ದ. ಆಗತಾನೇ ಮುಖ ತೊಳೆದು ತಲೆ ಬಾಚಿಕೊಂಡಿದ್ದ.

"ಏನಕ್ಕ?"

ಹಾಲಿಗೆ ಹೆಪ್ಪು ಹಾಕಬೇಕಿತ್ತು, ಒಂದು ಚಮಚ ಮೊಸರು ಬೇಕು ಎಂದಳು. ಮುನೇಶ್ ನಕ್ಕ. ದೀಪ ಹಚ್ಚಿದ ಮೇಲೆ ಮೊಸರು ಕೊಡಬಾರದು ಎಂದು ನೀವೇ ವನಿತಾಗೆ ಹೇಳಿಕೊಟ್ಟಿದ್ದಿರಂತೆ, ನಾಳೆ ಕೊಡ್ತಾಳೆ ಬಿಡಿ ಎಂದ. ವನಿತಾ ಎಲ್ಲಿ ಎಂದು ಕೇಳಿದಳು. ತಲೆನೋವು, ಮಲಗಿದಾಳೆ ಎಂದ.

ಅವನ ತೋಳಿನ ಪಕ್ಕದಿಂದ ನೆಲ ಕಾಣುತ್ತಿತ್ತು. ಒದ್ದೆಯಾಗಿತ್ತು. ಗೋಡೆಗೆ ನೆಲ ಒರೆಸುವ ಕೋಲು ಒರಗಿತ್ತು. ಈ ಮನೆಗೆ ಬಂದಾಗಿನಿಂದ ತನ್ನ ಹೊಸಿಲೊಳಗೆ ಒಂದು ಲೋಟ ಎತ್ತಿಡದ ಗಂಡಸು ಈ ಹೊತ್ತಿನಲ್ಲಿ ನೆಲ ಒರೆಸಿದ್ದ. ಅದರಾಚೆ ಮಲಗುವ ಕೋಣೆಯ ಬಾಗಿಲು. ಅದಕ್ಕೆ ಹೊರಗಿನಿಂದ ಚಿಲಕ ಹಾಕಿತ್ತು.

ರಾಧಾಮಣಿಗೆ, ಸರಿ ಕಣಪ್ಪ ಎಂದು ಇಳಿದುಹೋಗಿಬಿಡಬೇಕು ಅನಿಸಿತು. ಮುನೇಶ್ ಬಾಗಿಲನ್ನು ಮುಂದಕ್ಕೆ ತಳ್ಳುತ್ತಿದ್ದ. ಏನು ಮಾಡುತ್ತಿದ್ದೇನೆಂದು ತನಗೇ ತಿಳಿಯುವ ಮೊದಲು ಅವಳು ಹೊಸಿಲ ಮೇಲೆ ಕೂತುಬಿಟ್ಟಳು.

"ಮಂಡಿ ಹಿಡ್ಕೊಂಡ್ಬಿಡ್ತು ಕಣಪ್ಪ. ಒಂದು ಗಳಿಗೆ ಕೂತು ಹೋಗ್ತೀನಿ."

"ಹೊಸಿಲ ಮೇಲೆ ಯಾಕಕ್ಕ? ಒಳಗೆ ಬನ್ನಿ" ಎಂದ ಮುನೇಶ್. ಮುಚ್ಚುವ ಬಾಗಿಲಿಗಿಂತ ಆ ಕರೆ ಅವಳನ್ನು ಹೆಚ್ಚು ಹೆದರಿಸಿತು. ಇಲ್ಲೇ ಸಾಕು ಎಂದಳು.

ಬಾಗಿಲ ಅಂಚು ಅವಳ ಭುಜಕ್ಕೆ ತಾಗಿತು. ಮೊದಲು ಮೆಲ್ಲಗೆ, ಆಮೇಲೆ ಸ್ವಲ್ಪ ಬಿಗಿಯಾಗಿ. ಅವನು ಇನ್ನೂ ನಗುತ್ತಲೇ ಇದ್ದ. ಕೂಗಿಬಿಡಬೇಕು ಎಂದುಕೊಂಡಳು. ಕೂಗಿದರೆ ಕೆಳಗೆ ಕೇಳುತ್ತದೆ. ಕೇಳಿದರೆ ಅತ್ತೆ ಬಂಗಲೆಯ ಸೊಸೆ ಕೂಗಿದಳು ಅಂದುಕೊಳ್ಳುತ್ತಾರೆ, ಮಗಳು ಮ್ಯೂಸಿಕ್ಕು ಅನ್ನುತ್ತಾಳೆ. ಅವಳು ಎರಡೂ ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು ತಲೆ ತಗ್ಗಿಸಿ ಕೂತಳು. ಕಣ್ಣ ಮುಂದೆ ಅವನ ಕಾಲ ಬೆರಳುಗಳಿದ್ದವು. ಅವು ಒದ್ದೆಯಾಗಿದ್ದವು.

ಕೆಳಗೆ ಪಿಟೀಲು ನಿಂತು ಸೋಪಿನ ಜಾಹೀರಾತು ಶುರುವಾಯಿತು. ಬ್ರೇಕ್. ಈಗ ಅತ್ತೆ ಕಾಲು ಇಳಿಬಿಟ್ಟಿರುತ್ತಾರೆ. ಪೇಪರು ಸರಿದಿರುತ್ತದೆ. "ರಾಧಾ" ಎಂದು ಅನಂತರಾಜು ಕೂಗಿದ. ಬಂದೆ ಎನ್ನುವುದು ಅವಳ ನಾಲಗೆಗೆ ಎಷ್ಟು ರೂಢಿಯಾಗಿತ್ತೆಂದರೆ ಹಲ್ಲು ಕಚ್ಚಿ ಅದನ್ನು ತಡೆಯಬೇಕಾಯಿತು. ಗಂಡ ಇನ್ನೂ ಜೋರಾಗಿ ಕೂಗಿದ.

"ಅಣ್ಣ ಕರೀತಿದಾರೆ ಅಕ್ಕ. ಹೋಗಿ" ಎಂದ ಮುನೇಶ್. ಅವನ ದನಿಯಲ್ಲಿ ನಗು ಸವೆದಿತ್ತು.

ಅವಳು ಕದಲಲಿಲ್ಲ. ಮೇಲಿನ ಕೂಗು ಯಾರಿಗೂ ಕೇಳಿಸಿರಲಿಲ್ಲ. ಆದರೆ ತಟ್ಟೆ ಬಾರದಿದ್ದದ್ದು ಮೂವರಿಗೂ ಗೊತ್ತಾಯಿತು. ಮೊದಲು ನಯನಾಳ ಚಪ್ಪಲಿ ಮೆಟ್ಟಿಲ ಮೇಲೆ ಸದ್ದು ಮಾಡಿತು. "ಮಮ್ಮಿ, ಮುದ್ದೆ ಹಂಗೇ ಬಿಟ್ಟು ಎಲ್ಲಿ..." ಎನ್ನುತ್ತಾ ಬಂದವಳು, ಬಾಗಿಲ ಸಂದಿಯಲ್ಲಿ ಸಿಕ್ಕಿಕೊಂಡಂತೆ ಕೂತ ತಾಯಿಯನ್ನು ಕಂಡು ನಿಂತಳು. ಹಿಂದೆಯೇ ಹಸಿದ ಸಿಟ್ಟಿನಲ್ಲಿ ಅನಂತರಾಜು ಹತ್ತಿ ಬಂದ. ಕೆಳಗಿನ ಮೆಟ್ಟಿಲಲ್ಲಿ ನಿಂತು ಸುಬ್ಬಮ್ಮ, ಅದೇನಾಯ್ತು ಹೇಳ್ರೋ ಎನ್ನುತ್ತಿದ್ದರು.

ನೋಡಿ ಅಣ್ಣ, ಅಕ್ಕನಿಗೆ ಮಂಡಿ ನೋವಂತೆ ಎಂದ ಮುನೇಶ್.

ರಾಧಾಮಣಿ ಗಂಡನತ್ತ ತಲೆಯೆತ್ತಿದಳು. "ವನಿತಾ ಆ ರೂಮಲ್ಲಿದಾಳೆ. ಅವಳನ್ನ ಕಣ್ಣಾರೆ ನೋಡೋವರ್ಗೂ ನಾನು ಏಳಲ್ಲ ರೀ."

ಬೈಯಲು ಬಾಯಿ ತೆರೆದಿದ್ದ ಅನಂತರಾಜು ಒಳಗೆ ನೋಡಿದ. ಒದ್ದೆ ನೆಲ ಅವನಿಗೆ ಏನೂ ಹೇಳಲಿಲ್ಲ. ಚಿಲಕ ಕಂಡಿತು.

"ಮಲಗಿದ್ರೆ ಹೊರಗಿಂದ ಯಾಕಪ್ಪ ಚಿಲಕ?"

"ಗಂಡ ಹೆಂಡ್ತಿ ವಿಷ್ಯ ಅಣ್ಣ. ನೀವು ದೊಡ್ಡೋರು, ನಿಮಗೆ ಗೊತ್ತಿರುತ್ತೆ."

ಅನಂತರಾಜು ಕೆಳಗಿನ ಮೆಟ್ಟಿಲ ಕಡೆ ನೋಡಿದ. ಅವನು ತಿರುಗಿ ಹೊರಟೇಬಿಡುತ್ತಾನೆ ಎಂದು ರಾಧಾಮಣಿಗೆ ಅನಿಸಿತು. ಅಷ್ಟರಲ್ಲಿ ನಯನಾ ಫೋನೆತ್ತಿ ಮುನೇಶನ ಮುಖಕ್ಕೆ ಹಿಡಿದಳು. "ರೆಕಾರ್ಡ್ ಆಗ್ತಿದೆ" ಎಂದಳು. ಮುನೇಶ್ ಫೋನನ್ನು ನೋಡಿದ, ಬಾಗಿಲು ಬಿಟ್ಟ, ಎರಡು ಹೆಜ್ಜೆ ಹಿಂದೆ ಸರಿದು ಟಿವಿಯ ಪಕ್ಕ ನಿಂತ. ಅನಂತರಾಜು ಹೆಂಡತಿಯನ್ನು ದಾಟಿ ಒಳಗೆ ಹೋಗಿ ಚಿಲಕ ತೆಗೆದ.

ವನಿತಾ ಮಂಚಕ್ಕೆ ಒರಗಿ ನೆಲದ ಮೇಲಿದ್ದಳು. ವೇಲನ್ನು ಉಂಡೆ ಮಾಡಿ ಹಣೆಗೆ ಒತ್ತಿಕೊಂಡಿದ್ದಳು. ಅದು ಕೆಂಪಾಗಿತ್ತು. ಉಸಿರಿತ್ತು. ರಾಧಾಮಣಿ ಎದ್ದು ಹೋಗಿ ಅವಳ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದಳು. ಮೂವರೂ ಸುತ್ತುಗಟ್ಟಿ ಅವಳನ್ನು ಕೆಳಗಿಳಿಸಿ, ನಡುಮನೆಯ ಬಾಗಿಲಿಗೆ ಅಗುಳಿ ಹಾಕಿದರು. ಟಿವಿಯಲ್ಲಿ ಕೊಲೆಗಾರನ ಮುಖ ತೋರಿಸುತ್ತಿದ್ದರು. ಯಾರೂ ಅತ್ತ ನೋಡಲಿಲ್ಲ.

ಹೆಜ್ಜೆಗಳು ನಿಧಾನವಾಗಿ ಇಳಿದು ಬಂದು ಬಾಗಿಲ ಹೊರಗೆ ನಿಂತವು. "ಅಕ್ಕ, ಅವಳನ್ನ ಕಳ್ಸಿ. ನಾನು ಇಲ್ಲೇ ಕೂತಿರ್ತೀನಿ" ಎಂದ ಮುನೇಶ್. ಅವನು ಕೂಗಾಡಿದ್ದರೆ ಇಷ್ಟು ಭಯವಾಗುತ್ತಿರಲಿಲ್ಲ. ಕೂತು ಮಾತಾಡಿ ಸರಿ ಮಾಡೋಣ ಎಂದು ಅನಂತರಾಜು ಅಗುಳಿಗೆ ಕೈ ಹಾಕಿದ. ರಾಧಾಮಣಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

ಸುಬ್ಬಮ್ಮ ವನಿತಾಳ ಪಕ್ಕ ಕೂತು ಅವಳ ಹಣೆಯ ಮೇಲಿನ ವೇಲನ್ನು ತಾವೇ ಒತ್ತಿ ಹಿಡಿದರು. ಆಮೇಲೆ, "ಏಟು ದಿನದಿಂದ ಮಗ ಇಂಗೆ?" ಎಂದು ಕೇಳಿದರು.

"ಈ ಸೀರಿಯಲ್ ಶುರು ಆದಾಗಿಂದ ಅಜ್ಜಿ" ಎಂದಳು ವನಿತಾ. ತುಟಿ ಊದಿದ್ದರಿಂದ ಮಾತು ತೊದಲುತ್ತಿತ್ತು. "ಈ ಹೊತ್ತಲ್ಲಿ ಕಿರುಚು, ಯಾರಿಗೂ ಗೊತ್ತಾಗಲ್ಲ ಅಂತ ಅವ್ರೇ ಹೇಳೋರು."

ಪೊಲೀಸರಿಗೆ ಫೋನ್ ಮಾಡಲಾ ಎಂದು ನಯನಾ ಕೇಳಿದಳು. ಅವಳು ಅಪ್ಪನನ್ನು ಕೇಳಲಿಲ್ಲ, ವನಿತಾಳನ್ನು ಕೇಳಿದಳು. ವನಿತಾ ಬಾಗಿಲ ಕಡೆ ನೋಡಿದಳು. ಹೂಂ ಎಂದಳು.

ಜೀಪು ಬರುವವರೆಗೂ ಮುನೇಶ್ ಮೆಟ್ಟಿಲ ಮೇಲೇ ಕೂತಿದ್ದ. ಮಹಿಳಾ ಪೇದೆ ವನಿತಾಳ ಮಾತು ಕೇಳಿಕೊಂಡು, ಮೊದಲು ಆಸ್ಪತ್ರೆಗೆ ಹೋಗಬೇಕು, ಬಾಗಿಲ ಹತ್ತಿರ ಇದ್ದವರು ಯಾರು, ಅವರ ಹೇಳಿಕೆಯೂ ಬೇಕಾಗುತ್ತದೆ ಎಂದಳು. ಅನಂತರಾಜು ಹೆಂಡತಿಯ ಕಿವಿಯ ಹತ್ತಿರ ಬಾಗಿದ. ಹೆಸರು ಹೇಳ್ಬೇಡ, ಅವನು ನಾಳೆ ಹೊರಗೆ ಬರ್ತಾನೆ, ನಯನಾ ಒಬ್ಬಳೇ ಓಡಾಡೋಳು ಎಂದ. ಅದೇ ಮಾತು ರಾಧಾಮಣಿಯ ಎದೆಯಲ್ಲೂ ಬಡಿದುಕೊಳ್ಳುತ್ತಿತ್ತು. ಗೇಟಿನ ಬಳಿ ಪೊಲೀಸಿನವನ ಪಕ್ಕದಲ್ಲಿ ನಿಂತ ಮುನೇಶ್ ಇತ್ತಲೇ ನೋಡುತ್ತಿದ್ದ.

"ನಾನಿದ್ದೆ. ರಾಧಾಮಣಿ ಅಂತ" ಎಂದಳು. ದನಿ ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಹೊರಟಿತು. ಮುನೇಶ್ ಕೇಳಿಸಿತೆಂಬಂತೆ ತಲೆಯಾಡಿಸಿದ.

ಮುನೇಶನನ್ನು ಹತ್ತಿಸಿಕೊಂಡು ಜೀಪು ಹೊರಟ ಮೇಲೆ ನಯನಾ ಆಟೋ ಕರೆದಳು. ಹುಣಸಮಾರನಹಳ್ಳಿಯಿಂದ ವನಿತಾಳ ತಾಯಿ ನೇರ ಆಸ್ಪತ್ರೆಗೇ ಬರುವುದೆಂದಾಯಿತು. ರಾಧಾಮಣಿ ಸೀರೆ ಬದಲಿಸದೆ, ಹಿಟ್ಟು ಮೆತ್ತಿದ ಕೈಯಲ್ಲೇ ವನಿತಾಳ ಪಕ್ಕ ಹತ್ತಿದಳು. ಬಾಗಿಲು ಹಾಕ್ಕೊಳ್ಳಿ, ಯಾರು ಬಂದರೂ ತೆಗೀಬೇಡಿ ಎಂದು ಮನೆಯವರಿಗೆ ಹೇಳಿದಳು.

ಯಲಹಂಕದ ಕಡೆಗೆ ತಿರುಗುವ ಸಿಗ್ನಲ್ಲಿನಲ್ಲಿ ಆಟೋ ನಿಂತಿತು. ಮುಂದೆಯೇ ಆ ಜೀಪು ನಿಂತಿತ್ತು. ಹಿಂದಿನ ಗಾಜಿನಲ್ಲಿ ಬಾಚಿದ ತಲೆ ಕಾಣುತ್ತಿತ್ತು. ಬೇರೆ ದಾರಿಯಲ್ಲಿ ಹೋಗಪ್ಪ ಎಂದಳು ರಾಧಾಮಣಿ. ಹಿಂದೆ ಲಾರಿ ನಿಂತಿದೆ, ತಿರುಗಿಸೋಕಾಗಲ್ಲ ಅಕ್ಕ ಎಂದ ಆಟೋದವನು.

ಆ ತಲೆ ಮೆಲ್ಲಗೆ ಹಿಂದಕ್ಕೆ ತಿರುಗಿತು. ವನಿತಾ ಅವಳ ತೋಳನ್ನು ಬಿಗಿಯಾಗಿ ಹಿಡಿದಳು. ರಾಧಾಮಣಿ ಅವಳನ್ನು ತನ್ನ ಬೆನ್ನ ಹಿಂದಕ್ಕೆ ಸರಿಸಿ, ತಾನು ಮುಂದಕ್ಕೆ ಬಾಗಿ, ಅವನಿಗೆ ತನ್ನ ಮುಖವೊಂದೇ ಕಾಣುವ ಹಾಗೆ ಕೂತಳು. ಸಿಗ್ನಲ್ ಇನ್ನೂ ಕೆಂಪಾಗಿಯೇ ಇತ್ತು.